ಕಿರ್ರ್, ಟಕ್, ಲೊಡಲೊಡ

ಸ್ಕೂಟರನ್ನು ಸರ್ವೀಸಿಗೆ ಬಿಡಲು ಹೋದಾಗ ಕೌಂಟರಿನ ಹುಡುಗ ಕೇಳುವ ಪ್ರಶ್ನೆ ಒಂದೇ. "ಕಂಪ್ಲೇಂಟ್ ಏನ್ ಸರ್?" ಉತ್ತರವನ್ನು ನಾನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದಿರುತ್ತೇನೆ. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಮುಂದಿನಿಂದ ಮೊದಲು ಒಂದು ಕಿರ್ರ್ ಬರುತ್ತದೆ. ಅದು ಮುಗಿಯುವ ಮೊದಲೇ ಒಂದು ಟಕ್. ಆದರೆ ಹುಡುಗನ ಕೈಯ ಟ್ಯಾಬಿನಲ್ಲಿ ಇದಕ್ಕೆ ಜಾಗವಿಲ್ಲ. ಅವನು ಒಂದು ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ, "ಅಬ್‌ನಾರ್ಮಲ್ ನಾಯ್ಸ್, ಫ್ರಂಟ್" ಎಂಬಲ್ಲಿ ಒತ್ತಿಬಿಡುತ್ತಾನೆ. ನನ್ನ ಕಿರ್ರೂ ನನ್ನ ಟಕ್ಕೂ ಆ ಒಂದೇ ಪೆಟ್ಟಿಗೆಗೆ ಬಿದ್ದು ಗುರುತು ಸಿಗದಂತಾಗುತ್ತವೆ. ಸಂಜೆ ಬಿಲ್ಲಿನ ಜೊತೆ "ಚೆಕ್ಡ್, ಓಕೆ" ಎಂಬ ಬರಹ ಬರುತ್ತದೆ. ಸ್ಕೂಟರು ಆ ಬರಹವನ್ನು ಓದಿಲ್ಲ. ಮೊದಲನೆಯ ಇಳಿಜಾರಿನಲ್ಲೇ ತನ್ನ ಅಹವಾಲನ್ನು ಮತ್ತೆ ಹೇಳುತ್ತದೆ.

ಇದಕ್ಕಿಂತ ಬೀದಿ ಕೊನೆಯ ಬೇವಿನ ಮರದಡಿಯ ಗ್ಯಾರೇಜೇ ವಾಸಿ ಎಂದುಕೊಂಡು ಅಲ್ಲಿಗೆ ಹೋದರೆ ಬೇರೆಯದೇ ಪರೀಕ್ಷೆ. ಅಲ್ಲಿ ಟ್ಯಾಬೂ ಇಲ್ಲ, ಪಟ್ಟಿಯೂ ಇಲ್ಲ. ಮೇಸ್ತ್ರಿ ಕೈಗಂಟಿದ ಗ್ರೀಸನ್ನು ಹಳೇ ಬನಿಯನ್ನಿಗೆ ಒರೆಸಿಕೊಳ್ಳುತ್ತ, "ಹೆಂಗೆ ಬರ್ತದೆ ಸೌಂಡು?" ಎನ್ನುತ್ತಾರೆ. ಈ "ಹೆಂಗೆ" ನನ್ನನ್ನು ಕಂಗೆಡಿಸುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕ ಹಾಕಿಕೊಂಡು, ನಾಲ್ಕು ಜನ ಓಡಾಡುವ ರಸ್ತೆಯಲ್ಲಿ ನಿಂತು ಕಿರ್ರ್ ಎನ್ನುವುದು ಹೇಗೆ? ಬಾಯಿ ತೆರೆದರೆ ಬಂದ ಮಾತು ಇದು: "ಒಂಥರಾ ಘರ್ಷಣೆಯ ಧ್ವನಿ ಬರ್ತಿದೆ." ಮೇಸ್ತ್ರಿ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಹಾನುಭೂತಿ ಇತ್ತು.

ಆ ದಿನ ಜೊತೆಗಿದ್ದ ನನ್ನವಳು ತರಕಾರಿ ಚೀಲವನ್ನು ಕೆಳಗಿಟ್ಟಳು. "ಹಾಗಂದ್ರೆ ಅವರಿಗೇನು ಗೊತ್ತಾಗ್ಬೇಕು, ಸುಮ್ನಿರಿ" ಎಂದು ಎರಡೂ ಕೈಗಳನ್ನು ಹ್ಯಾಂಡಲಿನಂತೆ ಮುಂದೆ ಚಾಚಿ, ಹಲ್ಲು ಕಚ್ಚಿ, "ಕಿರ್ರ್ರ್ರ್... ಟಕ್!" ಎಂದಳು. ಪಕ್ಕದ ಟೀ ಅಂಗಡಿಯವರು ಲೋಟ ಹಿಡಿದವರು ಹಿಡಿದಂತೆಯೇ ನಿಂತರು. ಮೇಸ್ತ್ರಿಯ ಕಣ್ಣು ಮಾತ್ರ ಹೊಳೆಯಿತು. "ಅಕ್ಕಾ, ಇನ್ನೊಂದ್ಸಲ ಮಾಡಿ." ಅವಳು ಈ ಸಲ ಟಿಪ್ಪಣಿಯನ್ನೂ ಸೇರಿಸಿದಳು. "ಗುಂಡಿಗೆ ಬಿದ್ರೆ ಬರೀ ಟಕ್ಕು. ಬ್ರೇಕ್ ಹಿಡಿದ್ರೆ ಮಾತ್ರ ಕಿರ್ರ್." ಮೇಸ್ತ್ರಿ ಮುಂದಿನ ಬ್ರೇಕನ್ನು ಅದುಮಿ ಹಿಡಿದು ಸ್ಕೂಟರನ್ನು ಹಿಂದೆ ಮುಂದೆ ತೂಗಿದರು. ಹ್ಯಾಂಡಲಿನ ಕತ್ತಿನಲ್ಲಿ ಏನೋ ಲಟ್ ಎಂದಿತು. "ಟಕ್ಕು ಕೋನ್ ಸೆಟ್ಟು. ಕಿರ್ರು ಪ್ಯಾಡು. ಎರಡೂ ಬೇರೆ ಬೇರೆ ಕೇಸು" ಎಂದು ತೀರ್ಪು ಕೊಟ್ಟರು.

ಕೋನ್ ಸೆಟ್ಟೆಂದರೆ ಹ್ಯಾಂಡಲು ಎಡಬಲ ತಿರುಗಲು ಕತ್ತಿನ ಮೇಲೂ ಕೆಳಗೂ ಕೂರಿಸಿದ ಬಟ್ಟಲು ಮತ್ತು ಗುಂಡುಗಳು. ನಮ್ಮೂರಿನ ಗುಂಡಿಗಳಿಗೆ ಮುಂದಿನ ಚಕ್ರ ಬಿದ್ದಾಗಲೆಲ್ಲ ಆ ಪೆಟ್ಟು ನೇರ ಅಲ್ಲಿಗೇ ಹೋಗುತ್ತದೆ. ಬಟ್ಟಲು ಸವೆದು ಸಡಿಲವಾದರೆ ಟಕ್. ಪ್ಯಾಡಿನ ಕಥೆ ಇನ್ನೂ ಸ್ವಾರಸ್ಯದ್ದು. ಡಿಸ್ಕನ್ನು ಹಿಡಿಯುವ ಪ್ಯಾಡು ನಡುಗಿದರೆ ಡಿಸ್ಕೂ ಅದರ ಜೊತೆ ನಡುಗಿ ಕಿರುಚುತ್ತದೆ. ಎಷ್ಟೋ ಕಾರುಗಳ ಪ್ಯಾಡಿನಲ್ಲಿ ಬೇಕೆಂದೇ ಒಂದು ಸಣ್ಣ ತಗಡನ್ನು ಇಟ್ಟಿರುತ್ತಾರೆ. ಪ್ಯಾಡು ಸವೆದು ತೆಳ್ಳಗಾದಾಗ ತಗಡಿನ ತುದಿ ಡಿಸ್ಕಿಗೆ ತಾಗಿ ಕೀಂಯ್ ಎನ್ನುತ್ತದೆ. ಕೂಗುವುದೊಂದೇ ಅದರ ಉದ್ಯೋಗ. ಅಂದರೆ ಕಾರು ಮಾಡಿದವರೂ ಕೊನೆಗೆ ನಮ್ಮ ಕಿವಿಯನ್ನೇ ನಂಬಿದ್ದಾರೆ.

ಹೈಸ್ಕೂಲಿನಲ್ಲಿ ನಮಗೆ ಕನ್ನಡ ವ್ಯಾಕರಣ ಕಲಿಸಿದ ಮೇಷ್ಟರು ಅನುಕರಣಾವ್ಯಯ ಎಂಬುದನ್ನು ಉರು ಹೊಡೆಸಿದ್ದರು. ಚಟಚಟ, ಧಗಧಗ, ಕರಕರ, ರೊಯ್ಯನೆ, ಸುಯ್ಯನೆ. ಇವಕ್ಕೆ ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿ ಇಲ್ಲ ಎಂದು ಬರೆದರೆ ಅಂಕ ಸಿಗುತ್ತಿತ್ತು. ಪರೀಕ್ಷೆಯ ಮಟ್ಟಿಗೆ ಇವು ಕೈಗೆಟಕುವ ಹಣ್ಣು. ಕಾಡಿಗೆ ಬೆಂಕಿ ಬಿದ್ದರೆ ಧಗಧಗ, ಬಾಣ ಹೋದರೆ ಸುಯ್ಯನೆ ಎನ್ನುವುದು ನಮಗೆ ತಿಳಿಯಿತು. ನಾವ್ಯಾರೂ ಮುಂದೆ ಕಾಡಿಗೆ ಹೋಗಲಿಲ್ಲ, ಬಾಣ ಬಿಡಲಿಲ್ಲ. ಎಲ್ಲರೂ ಗ್ಯಾರೇಜಿಗೆ ಹೋದೆವು.

ವ್ಯಾಕರಣದ ಪ್ರಾಯೋಗಿಕ ತರಗತಿ ನಡೆಯುತ್ತಿದ್ದುದು ಶಾಲೆಯ ಎದುರಿನ ಸೈಕಲ್ ಶಾಪಿನಲ್ಲಿ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲುಗಳು ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಸೀಟಿಗೆ ಕಾಲೆಟುಕದ ನಾವು ಒಳಪೆಡಲಿನಲ್ಲಿ ಸೊಂಟ ತಿರುಚಿಕೊಂಡು ಊರು ಸುತ್ತಿ ವಾಪಸು ತರುತ್ತಿದ್ದೆವು. ಶಾಪಿನ ಯಜಮಾನರು ಒಳಗೆ ಟ್ಯೂಬಿಗೆ ಸಲ್ಯೂಶನ್ ಹಚ್ಚುತ್ತ ಕೂತಿರುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ಸೈಕಲ್ಲು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ, "ಎಲ್ಲಿ ಬೀಳಿಸ್ದೆ ಅದನ್ನ? ಕಾಟರ್ ಪಿನ್ ಆಡ್ತಾ ಇದೆ" ಎನ್ನುತ್ತಿದ್ದರು. ನೋಡದೆಯೇ ಹೇಗೆ ಹೇಳಿದರು ಎಂದು ನಮಗೆ ಭಯವಾಗುತ್ತಿತ್ತು. ಅವರಿಗೆ ಏನೋ ಮಂತ್ರ ಸಿದ್ಧಿಯಾಗಿದೆ ಎಂಬ ವದಂತಿಯೂ ನಮ್ಮ ತರಗತಿಯಲ್ಲಿತ್ತು.

ಮಂತ್ರವನ್ನು ಅವರೇ ಒಂದು ದಿನ ಹೇಳಿಕೊಟ್ಟರು. ಪೆಡಲು ಒಂದು ಸುತ್ತು ಬಂದಾಗ ಒಂದು ಟಕ್ ಬಂದರೆ ಕೇಡು ಪೆಡಲಿನ ಕಡೆ, ಅಂದರೆ ಕಾಟರ್ ಪಿನ್ನೋ ಕ್ರ್ಯಾಂಕಿನ ಗುಂಡೋ. ಪೆಡಲು ನಿಲ್ಲಿಸಿದರೂ ಶಬ್ದ ಬರುತ್ತಿದ್ದರೆ ಕೇಡು ಚಕ್ರದಲ್ಲಿ. ಪೆಡಲು ಎರಡು ಮೂರು ಸುತ್ತು ತಿರುಗಿದಾಗೊಮ್ಮೆ ಬಂದರೆ ಚೈನಿನ ಒಂದು ಕೊಂಡಿ ಬಿಗಿಯಾಗಿದೆ, ಏಕೆಂದರೆ ಚೈನು ಪೂರ್ತಿ ಒಂದು ಸುತ್ತು ಹಾಕಲು ಅಷ್ಟು ಹೊತ್ತು ಬೇಕು. ಇಷ್ಟೇ. ಪೆಡಲು, ಚಕ್ರ, ಚೈನು ಮೂರಕ್ಕೂ ಮೂರು ತಾಳ. ತಾಳ ಎಣಿಸಿದರೆ ಕಾಯಿಲೆಯ ವಿಳಾಸ ಸಿಗುತ್ತದೆ. ಈಗಲೂ ಸೈಕಲ್ ಹತ್ತಿದಾಗ ನನಗೆ ಇದೇ ನೆನಪು. ಬೆಳಗಿನ ವಾಯುವಿಹಾರಕ್ಕೆಂದು ಮಗ ತಂದುಕೊಟ್ಟ ಇಪ್ಪತ್ತೊಂದು ಗೇರಿನ ಸೈಕಲ್ಲಿಗೆ ಕಾಟರ್ ಪಿನ್ನೇ ಇಲ್ಲ. ಬಯ್ಯಲು ಏನೂ ಸಿಗದೆ ಮೊದಮೊದಲು ನನಗೆ ಬೇಸರವಾಗಿತ್ತು.

ಆದರೆ ಅದರಲ್ಲೂ ಫ್ರೀವೀಲಿನ ಟರ್ರ್ ಇದೆ, ಅದು ಸಾಕು. ಇಳಿಜಾರಿನಲ್ಲಿ ಪೆಡಲು ನಿಲ್ಲಿಸಿ ಸುಮ್ಮನೆ ಕೂತರೆ ಹಿಂದಿನಿಂದ ಹೊರಡುವ ಆ ಶಬ್ದದಷ್ಟು ಸುಖದ ಶಬ್ದ ಮತ್ತೊಂದಿಲ್ಲ. ಫ್ರೀವೀಲಿನ ಒಳಗೆ ಗರಗಸದಂಥ ಹಲ್ಲುಗಳೂ ಸ್ಪ್ರಿಂಗಿಗೆ ಕೂತ ಪುಟ್ಟ ನಾಲಗೆಗಳೂ ಇರುತ್ತವೆ. ನಾವು ತುಳಿದರೆ ನಾಲಗೆ ಹಲ್ಲಿಗೆ ಸಿಕ್ಕಿಕೊಂಡು ಚಕ್ರವನ್ನು ತಿರುಗಿಸುತ್ತದೆ. ತುಳಿಯದಿದ್ದರೆ ಹಲ್ಲಿನ ಮೇಲೆ ಜಾರುತ್ತ ಟಿಕ್ ಟಿಕ್ ಎನ್ನುತ್ತದೆ. ಅಂದರೆ ನಾವು ದುಡಿಯುವಾಗ ಅದು ಮೌನ, ನಾವು ಸುಮ್ಮನೆ ಕೂತಾಗ ಅದರ ಹಾಡು. ಹುಡುಗರಾಗಿದ್ದಾಗ ಇಷ್ಟು ಹಾಡು ಸಾಲದೆಂದು ಸಿಗರೇಟು ಪ್ಯಾಕಿನ ಹಲಗೆಯನ್ನು ಮಡ್‌ಗಾರ್ಡಿನ ಕಡ್ಡಿಗೆ ಕಟ್ಟಿ, ಅದರ ತುದಿಯನ್ನು ಸ್ಪೋಕುಗಳ ನಡುವೆ ಬಿಡುತ್ತಿದ್ದೆವು. ಸೈಕಲ್ಲು ಪಟಪಟ ಎನ್ನುತ್ತ ಬುಲೆಟ್ಟಾಗುತ್ತಿತ್ತು. ಹಿಂದಿನ ಚಕ್ರಕ್ಕೆ ಕಟ್ಟಿದರೆ ಶಬ್ದ ಹೆಚ್ಚು. ಕಾರಣವೂ ಸರಳ: ಆಗಿನ ದೊಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ ಮೂವತ್ತೆರಡು ಸ್ಪೋಕು, ಭಾರ ಹೊರುವ ಹಿಂದಿನದಕ್ಕೆ ನಲವತ್ತು.

ಸೈಕಲ್ಲಿನಿಂದ ಲಾರಿಗೆ ಹೋದರೆ ಅಲ್ಲಿ ಕ್ಲೀನರನೇ ಸಂಗೀತ ವಿದ್ವಾಂಸ. ಹೆದ್ದಾರಿಯ ಢಾಬಾದ ಮುಂದೆ ಲಾರಿ ನಿಂತ ಕೂಡಲೇ ಅವನು ಇಳಿದು, ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಬಾರಿಸುತ್ತ ಸುತ್ತು ಬರುತ್ತಾನೆ. ಗಾಳಿ ಸರಿಯಾಗಿದ್ದರೆ ಟಣ್ ಎಂದು ರಾಡು ಪುಟಿಯುತ್ತದೆ, ಇಳಿದಿದ್ದರೆ ಥಪ್ ಎಂದು ಕೂರುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದು ಪಂಕ್ಚರಾದರೆ ಹೊರಗಿನದು ಭಾರವನ್ನು ಹೊತ್ತು ಅದನ್ನು ಮರೆಮಾಚುತ್ತದೆ. ಕಣ್ಣಿಗೆ ಎರಡೂ ಗಟ್ಟಿಯಾಗೇ ಕಾಣುತ್ತವೆ. ಕಣ್ಣು ಮೋಸಹೋಗುವ ಈ ಜಾಗದಲ್ಲಿ ರಾಡು ಮೋಸಹೋಗುವುದಿಲ್ಲ. ರೈಲ್ವೆಯಲ್ಲಿ ಹಿಂದೆ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ಬಡಿದು ಬಿರುಕು ಪತ್ತೆ ಮಾಡುತ್ತಿದ್ದವರ ವಿದ್ಯೆಯೂ ಇದೇ. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ.

ಬಸ್ಸಿನ ಲೊಡಲೊಡದ ಬಗ್ಗೆ ಹೇಳದಿದ್ದರೆ ಅಪಚಾರವಾದೀತು. ಹಳೆಯ ಕೆಂಪು ಬಸ್ಸು ಸ್ಟ್ಯಾಂಡಿನಲ್ಲಿ ಇಂಜಿನ್ ಚಾಲೂ ಇಟ್ಟು ನಿಂತಿರುವಾಗ ಕಿಟಕಿಯ ಗಾಜುಗಳೆಲ್ಲ ಒಟ್ಟಿಗೆ ಲಟಲಟ ಲೊಡಲೊಡ ಎನ್ನುತ್ತವೆ. ಡ್ರೈವರು ಆಕ್ಸಿಲರೇಟರ್ ಒತ್ತಿದ ತಕ್ಷಣ, ಕಂಡಕ್ಟರು "ರೈಟ್" ಎಂದದ್ದಕ್ಕೆ ಮರ್ಯಾದೆ ಕೊಟ್ಟಂತೆ, ಅವೆಲ್ಲ ತೆಪ್ಪಗಾಗುತ್ತವೆ. ಜೋರಾಗಿ ಓಡುವಾಗ ಇಲ್ಲದ ಸದ್ದು ನಿಂತಾಗ ಏಕೆ ಎಂದು ಚಿಕ್ಕಂದಿನಲ್ಲಿ ಬಹಳ ಯೋಚಿಸಿದ್ದೆ. ಉತ್ತರ ಆಮೇಲೆ ತಿಳಿಯಿತು. ಪ್ರತಿಯೊಂದು ಗಾಜಿಗೂ ಚೌಕಟ್ಟಿಗೂ ಅಲುಗಲು ತನ್ನದೇ ಒಂದು ವೇಗ ಇರುತ್ತದೆ. ನಿಧಾನವಾಗಿ ತಿರುಗುವ ಇಂಜಿನ್ನಿನ ಕುಲುಕಾಟ ಆ ವೇಗಕ್ಕೆ ಸರಿಯಾಗಿ ಕೂಡಿದರೆ ಗಾಜು ಕುಣಿಯುತ್ತದೆ. ಇಂಜಿನ್ ವೇಗ ಹೆಚ್ಚಿಸಿಕೊಂಡು ಮುಂದೆ ಹೋದರೆ ತಾಳ ತಪ್ಪಿ ಕುಣಿತ ನಿಲ್ಲುತ್ತದೆ. ಅನುಭವಸ್ಥ ಪ್ರಯಾಣಿಕರಿಗೆ ಈ ತತ್ವದ ಗೊಡವೆ ಇಲ್ಲ. ಅವರು ಟಿಕೇಟನ್ನು ನಾಲ್ಕಾಗಿ ಮಡಿಚಿ ಗಾಜಿನ ಸಂದಿಗೆ ಸಿಕ್ಕಿಸಿ ನಿದ್ದೆ ಹೋಗುತ್ತಾರೆ. ನಮ್ಮ ಅತ್ತೆಯೊಬ್ಬರು ಹಾಗೆ ಸಿಕ್ಕಿಸಿದ ಟಿಕೇಟು ಗಾಜಿನ ಕೆಳಗೆ ಜಾರಿಹೋಗಿ, ಚೆಕಿಂಗಿನವರು ಹತ್ತಿದಾಗ ಇಡೀ ಬಸ್ಸೇ ಅವರ ಪರ ಸಾಕ್ಷಿ ಹೇಳಬೇಕಾಯಿತು.

ಬೇವಿನ ಮರದಡಿಗೆ ವಾಪಸು ಬರೋಣ. ನಮ್ಮ ಮೇಸ್ತ್ರಿಯ ಬಳಿ ಇರುವ ಅತ್ಯಂತ ಸೂಕ್ಷ್ಮ ಉಪಕರಣವೆಂದರೆ ಒಂದು ಉದ್ದನೆಯ ಸ್ಕ್ರೂಡ್ರೈವರು. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಆಗ ಯಾರೂ ಮಾತಾಡಬಾರದು. ಇಂಜಿನ್ನಿನ ತಲೆಯ ಕಡೆಯಿಂದ ಟಿಕಟಿಕ ಬಂದರೆ ಟ್ಯಾಪೆಟ್ಟು. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟಿರುತ್ತಾರೆ, ಬಿಸಿಗೆ ಲೋಹ ಹಿಗ್ಗಿದಾಗ ಜಾಗ ಬೇಕಲ್ಲ. ಸಂದಿ ಹೆಚ್ಚಾದರೆ ಟಿಕಟಿಕ. ತೀರ ಕಡಿಮೆಯಾದರೆ ಶಬ್ದವೇ ಇಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. "ಟ್ಯಾಪೆಟ್ ಸ್ವಲ್ಪ ಮಾತಾಡ್ಬೇಕು ಸಾರ್. ಮಾತಾಡ್ದೇ ಇರೋದೇ ಡೇಂಜರ್ರು" ಎನ್ನುತ್ತಾರೆ ಅವರು. ಇದನ್ನು ಮನೆಯಲ್ಲಿ ಹೇಳಿದಾಗ ನನ್ನವಳು, "ಅವರು ಇಂಜಿನ್ ಬಗ್ಗೆನೇ ಹೇಳಿದ್ದಾ?" ಎಂದು ಕೇಳಿದಳು.

ಕೆಲವು ಶಬ್ದಗಳನ್ನು ಅಡಗಿಸಲು ಜಗತ್ತು ದೊಡ್ಡ ಬೆಲೆಯನ್ನೇ ತೆತ್ತಿದೆ. ಘಾಟಿ ಏರುವಾಗ ಗೇರು ಇಳಿಸದೆ ಹಟ ಹಿಡಿದರೆ ಇಂಜಿನ್ನಿನಿಂದ ಕಿಣಿಕಿಣಿ ಎಂಬ ಸದ್ದು ಬರುತ್ತದೆ, ಗೋಲಿಗಳನ್ನು ಡಬ್ಬಿಯಲ್ಲಿ ಕುಲುಕಿದಂತೆ. ನಾಕಿಂಗ್ ಎನ್ನುವುದು ಇದನ್ನೇ. ಕಿಡಿಯಿಂದ ಹೊರಟ ಉರಿ ಕ್ರಮವಾಗಿ ಹರಡುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲು ತಾನಾಗಿ ಸಿಡಿಯುವುದು ಇದರ ಕಾರಣ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧಕ ಥಾಮಸ್ ಮಿಡ್ಗ್ಲಿ, ಸೀಸದ ಒಂದು ಸಂಯುಕ್ತವನ್ನು ಚೂರು ಬೆರೆಸಿದರೆ ಪೆಟ್ರೋಲು ತೆಪ್ಪಗೆ ಉರಿಯುತ್ತದೆಂದು ಕಂಡುಕೊಂಡ. ಕಿಣಿಕಿಣಿ ನಿಂತಿತು, ಊರೂರಿನ ಗಾಳಿಗೆ ಸೀಸದ ವಿಷ ಸೇರಿತು. ನಮ್ಮ ದೇಶದ ಬಂಕುಗಳಿಂದ ಸೀಸದ ಪೆಟ್ರೋಲು ಹೊರಹೋಗಲು 2000ದ ಇಸವಿಯೇ ಬರಬೇಕಾಯಿತು. ಈಗಿನ ಕಾರುಗಳಲ್ಲಿ ಇಂಜಿನ್ನಿಗೇ ಒಂದು ಕಿವಿಯನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ನಾಕ್ ಸೆನ್ಸರ್ ಎಂಬ ಅದು ಕಿಣಿಕಿಣಿ ಕೇಳಿಸಿದೊಡನೆ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರು ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ. ನಮ್ಮ ಮೇಸ್ತ್ರಿಗೆ ಇದನ್ನು ಹೇಳಿದೆ. "ಗೊತ್ತು ಸಾರ್, ಅದೂ ಸ್ಕ್ರೂಡ್ರೈವರೇ" ಎಂದರು.

ಮೈಸೂರಿನ ಕಡೆಯವರಾದ ನಮಗೆ ಶಬ್ದವೆಂದರೆ ಜಾವಾ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಬರತೊಡಗಿದ ಆ ಬೈಕಿಗೆ ಸಿಲಿಂಡರು ಒಂದು, ಸೈಲೆನ್ಸರು ಎರಡು. ಕಿಕ್ಕರೂ ಗೇರೂ ಒಂದೇ ಕಡ್ಡಿ: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕು, ಸ್ಟಾರ್ಟಾದ ಮೇಲೆ ಕೆಳಗಿಳಿಸಿದರೆ ಗೇರು. ಸೋದರಮಾವ ರಾತ್ರಿ ಊರಿಗೆ ಬರುವಾಗ ಅವರ ಬೈಕು ಕೆರೆ ಏರಿಯ ಮೇಲಿರುವಾಗಲೇ ಅಜ್ಜಿ ಒಲೆಗೆ ಸೌದೆ ಇಡುತ್ತಿದ್ದರು. ಎಷ್ಟೋ ಬೈಕುಗಳ ನಡುವೆ ಮಗನದ್ದನ್ನೇ ಹೇಗೆ ಗುರುತಿಸುತ್ತಿದ್ದರು? "ಡಬ್ಬಡಬ್ಬ ಅಂತ ಬಂದು, ಮಧ್ಯ ಒಂದ್ಸಲ ತಡವರಿಸ್ತದೆ" ಎನ್ನುತ್ತಿದ್ದರು. ಟೂ ಸ್ಟ್ರೋಕ್ ಇಂಜಿನ್ನಿನ ಲಕ್ಷಣವೇ ಅದು. ನಿಧಾನವಾಗಿ ತಿರುಗುವಾಗ ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಉಳಿದು, ಕೆಲವು ಕಿಡಿಗಳು ಹತ್ತುವುದೇ ಇಲ್ಲ. ಕಾರ್ಬೊರೇಟರ್ ಎಂಬ ಮಾತನ್ನೇ ಕೇಳದಿದ್ದ ಅಜ್ಜಿ ಅದನ್ನು ತಡವರಿಕೆ ಎಂದು ಸರಿಯಾಗೇ ಹಿಡಿದಿದ್ದರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸುವವರು ಮೈಸೂರಿನ ಪ್ರತಿ ಹೋಟೆಲಿನಲ್ಲೂ ಈಗಲೂ ಒಬ್ಬರಾದರೂ ಸಿಗುತ್ತಾರೆ.

ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ ಕಂಪನಿಯವರು ತಮ್ಮ ಬೈಕಿನ ಶಬ್ದವೇ ತಮ್ಮ ಸ್ವತ್ತು, ಅದನ್ನು ಟ್ರೇಡ್‌ಮಾರ್ಕ್ ಮಾಡಿಕೊಡಿ ಎಂದು 1994ರಲ್ಲಿ ಅರ್ಜಿ ಹಾಕಿದ್ದರು. ಬೇರೆ ಕಂಪನಿಗಳು ತಕರಾರು ತೆಗೆದವು. 2000ದಲ್ಲಿ ಹಾರ್ಲೆಯವರೇ ಅರ್ಜಿಯನ್ನು ಹಿಂದಕ್ಕೆ ಪಡೆದರು. ಎರಡು ಸಿಲಿಂಡರುಗಳು ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ಕೂತು ಒಂದೇ ಕ್ರ್ಯಾಂಕ್ ಪಿನ್ನನ್ನು ತುಳಿಯುವುದರಿಂದ ಅದರ ತಾಳ ಸಮನಾಗಿ ಬೀಳುವುದಿಲ್ಲ, ಕುಂಟುತ್ತದೆ. ಆ ಕುಂಟು ತಾಳವನ್ನು ಅಲ್ಲಿನ ಜನ "ಪೊಟೇಟೊ ಪೊಟೇಟೊ ಪೊಟೇಟೊ" ಎಂದು ಬಾಯಲ್ಲಿ ಹೇಳಿ ತೋರಿಸುತ್ತಾರೆ. ಅದನ್ನೇ ನಾವು "ಆಲೂಗಡ್ಡೆ ಆಲೂಗಡ್ಡೆ" ಎಂದು ಹೇಳಿ ನೋಡಬೇಕು. ಬೈಕು ಮಾಯವಾಗಿ ಕಬ್ಬಿನ ಲೋಡು ಎಳೆಯುವ ಟ್ರ್ಯಾಕ್ಟರು ಎದುರಿಗೆ ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಇದು ಬೀದಿಬದಿಯವರ ಮಾತು, ಓದಿದ ಇಂಜಿನಿಯರುಗಳು ಹೀಗೆ ಮಾತಾಡುವುದಿಲ್ಲ ಎಂಬ ಅಳುಕು ನನ್ನಲ್ಲಿತ್ತು. ಅದನ್ನು ಬಿಡಿಸಿದವನು ಕಾರು ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ. ಹಬ್ಬಕ್ಕೆ ಬಂದವನನ್ನು "ಏನಪ್ಪಾ ಕೆಲಸ?" ಎಂದು ಕೇಳಿದೆ. "ಎನ್‌ವಿಎಚ್ ಮಾವ. ಸದ್ದು, ನಡುಕ, ಒರಟುತನ. ಅದರಲ್ಲೂ ನಂದು ಬಿಎಸ್‌ಆರ್." ಮೂರು ಅಕ್ಷರ ಕೇಳಿ ನಾನು ಗೌರವದಿಂದ ನೆಟ್ಟಗೆ ಕೂತೆ. ಅದನ್ನು ಬಿಡಿಸಿ ಹೇಳು ಎಂದರೆ ಅವನಿಗೆ ತುಸು ನಾಚಿಕೆಯಾಯಿತು. "ಬಝ್, ಸ್ಕ್ವೀಕ್, ರ್ಯಾಟಲ್." ಅಂದರೆ ಗುಂಯ್, ಕಿರ್ರ್, ಲೊಡಲೊಡ. ಎರಡು ಭಾಗಗಳು ಉಜ್ಜಿದರೆ ಕಿರ್ರ್, ಬಡಿದರೆ ಲೊಡಲೊಡ, ತೆಳುವಾದ ಹಾಳೆ ನಡುಗಿದರೆ ಗುಂಯ್. ಪ್ರತಿಧ್ವನಿ ಏಳದ ಕೋಣೆಯೊಳಗೆ ಕಾರನ್ನು ನಿಲ್ಲಿಸಿ, ಅದನ್ನು ಯಂತ್ರದಿಂದ ಕುಲುಕಿ, ಮೈಕು ಹಿಡಿದು ಇವನ್ನು ಹುಡುಕುತ್ತಾರಂತೆ. "ಸಿಕ್ಕ ಮೇಲೆ ಏನು ಮಾಡ್ತೀರಿ?" "ಹೆಚ್ಚಾಗಿ ಸಂದಿಗೆ ಫೆಲ್ಟ್ ಟೇಪು ಅಂಟಿಸ್ತೀವಿ." ಪಕ್ಕದಲ್ಲಿ ಎಲೆ ಒರೆಸುತ್ತಿದ್ದ ಅದೇ ಬಸ್ಸಿನ ಅತ್ತೆ, "ಟಿಕೇಟು ಸಾಕಾಗ್ತದೆ ಕಣೋ" ಎಂದರು.

ಅಕ್ಕನ ಮಗನ ಕೆಲಸ ಮುಂದೆ ಇನ್ನೂ ಹೆಚ್ಚುತ್ತದಂತೆ. ಇಷ್ಟು ಕಾಲ ಇಂಜಿನ್ನಿನ ಗದ್ದಲದ ಕೆಳಗೆ ನೂರು ಸಣ್ಣ ಸದ್ದುಗಳು ಅಡಗಿಕೊಂಡಿದ್ದವು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಆಸರೆ ತಪ್ಪಿದೆ. ಡ್ಯಾಶ್‌ಬೋರ್ಡಿನ ಒಂದು ಕ್ಲಿಪ್ಪು ಮಿಸುಕಿದರೂ ಕೇಳಿಸುತ್ತದೆ, ಲಕ್ಷಗಟ್ಟಲೆ ಕೊಟ್ಟವರು ಸಿಟ್ಟಾಗುತ್ತಾರೆ. ಇತ್ತ ಒಳಗೆ ಸದ್ದು ಹೆಚ್ಚಾಯಿತೆಂದು ದೂರು, ಅತ್ತ ಹೊರಗೆ ಸದ್ದೇ ಇಲ್ಲವೆಂದು ದೂರು. ದಾರಿಹೋಕರಿಗೆ ಕಾರು ಬಂದದ್ದು ತಿಳಿಯುವುದಿಲ್ಲವೆಂದು ಯುರೋಪಿನಲ್ಲಿ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಹೋಗುವಾಗ, ಗಂಟೆಗೆ 20 ಕಿಲೋಮೀಟರಿನವರೆಗೆ, ಸ್ಪೀಕರಿನಿಂದ ಶಬ್ದ ಮಾಡಲೇಬೇಕೆಂದು 2019ರಲ್ಲಿ ನಿಯಮ ತಂದರು. ಆ ಶಬ್ದವನ್ನು ರಚಿಸಲು ಕಂಪನಿಗಳು ಸಂಗೀತಗಾರರನ್ನು ಕರೆಸಿವೆ. ಸಿಗರೇಟು ಪ್ಯಾಕಿನ ಹಲಗೆಯಲ್ಲಿ ನಾವು ಪುಕ್ಕಟೆ ಮಾಡಿದ ಕೆಲಸವೇ ಇದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಗಾಡಿ ಕೆಟ್ಟಾಗ "ಏನೋ ಸೌಂಡ್ ಬರ್ತಿದೆ" ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಎಷ್ಟು ವೇಗದಲ್ಲಿ ಬರುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಗುಂಡಿಯಲ್ಲೋ ತಿರುವಿನಲ್ಲೋ, ಚಕ್ರದ ತಾಳಕ್ಕೋ ಇಂಜಿನ್ನಿನ ತಾಳಕ್ಕೋ ಎಂದು ಗಮನಿಸಿ. ಆಮೇಲೆ ನಾಚಿಕೆ ಬಿಟ್ಟು ಬಾಯಲ್ಲಿ ಆ ಶಬ್ದವನ್ನು ಮಾಡಿ. ನಿಮಗೆ ಬಾರದಿದ್ದರೆ ಮನೆಯಲ್ಲಿ ಬರುವವರನ್ನು ಕರೆದುಕೊಂಡು ಹೋಗಿ. ಬಿಡಿಭಾಗದ ಹೆಸರು ನಿಮಗೆ ಗೊತ್ತಿರಬೇಕಿಲ್ಲ, ಅದು ಮೇಸ್ತ್ರಿಯ ಕೆಲಸ. ಒಂದು ಶಬ್ದದ ವಿಷಯದಲ್ಲಿ ಮಾತ್ರ ಅಭ್ಯಾಸ, ಅಭಿನಯ ಯಾವುದೂ ಬೇಡ. ಬ್ರೇಕು ಕಿರುಚಲು ಶುರುಮಾಡಿದರೆ ಆ ದಿನವೇ ಪ್ಯಾಡು ತೋರಿಸಿ.